ಜೀಪಿಗೆ ಕೊಟ್ಟಿದ್ದು 1,200, ನನಗೆ ಬಂದಿದ್ದು 1,080

ಅಂತೂ ಇಂತೂ ಮಳೆಗಾಲದ ಬಿಲ್ಲಿನ ದುಡ್ಡು ಇತ್ತೀಚೆಗೆ ಅಕೌಂಟಿಗೆ ಬಿತ್ತು. ಮೆಸೇಜ್ ನೋಡಿ ಖುಷಿ ಆಯ್ತು, ಆಮೇಲೆ ಸಂಜೆ ಕೂತು ಲೆಕ್ಕ ತಾಳೆ ಹಾಕ್ತಾ ಇದ್ದೆ, ಒಂದು ಕಡೆ ಕಣ್ಣು ನಿಂತೋಯ್ತು. ಜುಲೈಯಲ್ಲಿ ನಿಟ್ಟೂರಿನಿಂದ ಒಳಗಡೆ ಒಂದು ಸೈಟಿಗೆ ಹೋಗೋಕೆ ಜೀಪ್ ಮಾಡಿದ್ದೆ, ಬಾಡಿಗೆ 1,200 ನನ್ನ ಜೇಬಿಂದ ಕೊಟ್ಟಿದ್ದೆ. ಕಂಪ್ನಿಯವ್ರು ಅದನ್ನ ಪಾಸ್ ಮಾಡಿದಾರೆ, ಒಂದು ರೂಪಾಯಿ ಕಡಿಮೆ ಮಾಡದೆ ಪಾಸ್ ಮಾಡಿದಾರೆ. ಆದ್ರೆ ನನಗೆ ಬಂದಿದ್ದು 1,080. ಉಳಿದ 120 ಟಿಡಿಎಸ್, ಅಂದ್ರೆ ದುಡ್ಡು ಕೊಡುವಾಗ್ಲೇ ಮುಂಗಡವಾಗಿ ಹಿಡ್ಕೊಳ್ಳೋ ಆದಾಯ ತೆರಿಗೆ. ಜೀಪಿನ ಬಾಡಿಗೆ ನನ್ನ ಆದಾಯ ಅಂತೆ ಮಾರಾಯ್ರೆ!

ನೂರಿಪ್ಪತ್ತು ರೂಪಾಯಿಗೆ ಇಷ್ಟುದ್ದ ಬರಿತಿದಾನಲ್ಲ ಅನ್ಬೇಡಿ, ಪೂರ್ತಿ ಓದಿ.

ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ನಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಕೆಲಸ ಬಿಟ್ಟು ಊರಿಗೆ ಬಂದ್ಮೇಲೆ ಬೆಂಗಳೂರಿನ ಒಂದು ಕಂಪ್ನಿಗೆ ಕಾಂಟ್ರಾಕ್ಟ್ ಮೇಲೆ ಸೋಲಾರು, ಇನ್ವರ್ಟರು, ಯುಪಿಎಸ್ ಇನ್‌ಸ್ಪೆಕ್ಷನ್ ಮತ್ತೆ ಕಮಿಷನಿಂಗ್ ಮಾಡ್ಕೊಡ್ತೀನಿ. ಸಂಬಳ ಅಂತ ಇಲ್ಲ, ಪಿಎಫ್ ಇಲ್ಲ, ವಿಸಿಟ್‌ಗೆ ಇಷ್ಟು ಅಂತ ಫೀಸು, ಓಡಾಟಕ್ಕೆ ಕಿಲೋಮೀಟರ್ ಲೆಕ್ಕ. ಏರಿಯಾ ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಆ ಕಡೆ ಶೃಂಗೇರಿ ಕೊಪ್ಪದ ತನಕ. ಶಿವಮೊಗ್ಗದಿಂದ ಹೊರಟ್ರೆ ಯಾವ ಸೈಟೂ ಹತ್ರ ಇಲ್ಲ. ಕೆಲಸ ಒಂದೂವರೆ ಗಂಟೆ, ದಾರಿ ಆರು ಗಂಟೆ. ನಮ್ಮ ಮನೆಯವಳು ಹೇಳೋ ಹಂಗೆ ನಾನು ಎಂಜಿನಿಯರ್ ಅಲ್ಲ, ಟೂಲ್ ಬ್ಯಾಗ್ ಇಟ್ಕೊಂಡಿರೋ ಡ್ರೈವರ್ರು.

ಆ ನಿಟ್ಟೂರಿನ ದಿನ ಹೇಳ್ಬೇಕು. ಒಂದು ಹೋಂಸ್ಟೇ, ಸಿಡ್ಲು ಹೊಡೆದು ಇನ್ವರ್ಟರ್ ಸುಟ್ಟಿತ್ತು. ಬೆಳಿಗ್ಗೆ ಆರಕ್ಕೆ ಹೊರಟೆ, ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ ದಾಟಿ ನಿಟ್ಟೂರು ಮುಟ್ಟೋ ಹೊತ್ತಿಗೆ ಮಳೆ ಹೆಂಗೆ ಅಂದ್ರೆ ವೈಪರ್ ಓಡ್ತಾ ಇದ್ರೂ ಗಾಜಿನ ಆಚೆ ಏನೂ ಕಾಣಲ್ಲ. ಅಲ್ಲಿಂದ ಮುಂದೆ ಆರು ಕಿಲೋಮೀಟರ್ ಮಣ್ಣುರಸ್ತೆ, ನನ್ನ ಕಾರು ಹೋಗಲ್ಲ. ಬೇಸಿಗೇಲಿ ಕೊಡಚಾದ್ರಿಗೆ ಟೂರಿಸ್ಟ್ ಹತ್ತಿಸೋ ಜೀಪಿನವ್ರು ಒಬ್ರು ಸಿಕ್ರು, ಹೋಗಿ ಬರೋಕೆ, ಮಧ್ಯ ಕಾಯೋಕೆ ಸೇರಿ 1,200 ಅಂದ್ರು, ನ್ಯಾಯದ ರೇಟು. ಕೆಲಸ ಮುಗ್ಸಿ ಇಳಿದು ಬಂದಾಗ ಕಾಲಲ್ಲಿ ಮೂರು ಉಂಬಳ, ಅಂದ್ರೆ ಜಿಗಣೆ. ಉಪ್ಪು ತಗಂಡು ಬಂದ ಜೀಪಿನಣ್ಣನ ಹತ್ರಾನೇ ಬಿಲ್ ಕೇಳಿದೆ. ಅವ್ರು ನನ್ನ ಮುಖ ನೋಡಿದ್ರು, ಅಂಗಡಿ ಒಳಗೆ ಹೋಗಿ ಹಳೇ ಕ್ಯಾಲೆಂಡರಿನ ಮೇ ತಿಂಗ್ಳ ಹಾಳೆ ಹರ್ಕೊಂಡು ಬಂದ್ರು, ಹಿಂದ್ಗಡೆ ‘ಜೀಪ್ ಬಾಡಿಗೆ 1200, ಪಾವತಿ ಆಗಿದೆ’ ಅಂತ ಬರೆದು, ಗಾಡಿ ನಂಬರ್ ಹಾಕಿ, ಸಹಿ ಮಾಡಿದ್ರು. ಇದಕ್ಕಿಂತ ಸಾಚಾ ದಾಖಲೆ ನಾನು ಜೀವನದಲ್ಲಿ ನೋಡಿಲ್ಲ. ಫೋಟೋ ತೆಗೆದು ಕಳಿಸಿದ್ರೆ ಅಕೌಂಟ್ಸಿನ ಹುಡುಗಿ ಫೋನ್ ಮಾಡಿ ‘ಸರ್, ಜಿಎಸ್‌ಟಿ ನಂಬರ್ ಇರೋ ಬಿಲ್ ಇಲ್ವಾ ಸರ್?’ ಅಂತಾಳೆ. ಅವಳದ್ದೇನೂ ತಪ್ಪಿಲ್ಲ ಪಾಪ, ಅವಳ ಮೇಲೆ ಆಡಿಟರ್ ಇದಾರೆ. ಎರಡು ತಿಂಗ್ಳು ಹಗ್ಗಜಗ್ಗಾಟ ಆಗಿ ಕೊನೆಗೆ ಮ್ಯಾನೇಜರ್ ಹೇಳಿದ್ಮೇಲೆ ಪಾಸ್ ಆಯ್ತು. ಪಾಸ್ ಆಗಿ ಬಂದಿದ್ದು 1,080.

ಇದು ಕಂಪ್ನಿಯವ್ರು ತಲೆಗೆ ತೋಚಿದಂಗೆ ಮಾಡಿದ್ದಲ್ಲ, ಅದನ್ನೂ ಹೇಳ್ಬೇಕು. 1961ರ ಇನ್‌ಕಮ್ ಟ್ಯಾಕ್ಸ್ ಆ್ಯಕ್ಟಲ್ಲಿ 194ಜೆ ಅಂತ ಒಂದು ಸೆಕ್ಷನ್, ಪ್ರೊಫೆಷನಲ್ ಫೀಸ್ ಕೊಡುವಾಗ 10 ಪರ್ಸೆಂಟ್ ಹಿಡ್ಕೊಂಡು ಕೊಡ್ಬೇಕು. ಓಡಾಟದ ಖರ್ಚು ವಾಪಸ್ ಕೊಡ್ತೀವಲ್ಲ, ಅದ್ರ ಮೇಲೂ ಹಿಡೀಬೇಕಾ ಅಂತ ಯಾರೋ ಕೇಳಿದ್ದಕ್ಕೆ ಆದಾಯ ತೆರಿಗೆ ನೋಡ್ಕೊಳ್ಳೋ ಕೇಂದ್ರದ ಮಂಡಳಿ ಸಿಬಿಡಿಟಿ 1995ರ ಆಗಸ್ಟ್ 8ಕ್ಕೆ 715ನೇ ನಂಬರಿನ ಸರ್ಕ್ಯುಲರ್‌ನಲ್ಲಿ ಉತ್ರ ಕೊಟ್ಟಿದೆ: ಹೌದು, ಬಿಲ್ಲಿನ ಪೂರ್ತಿ ಮೊತ್ತದ ಮೇಲೆ ಹಿಡೀಬೇಕು, ಖರ್ಚು ಬೇರೆ ಮಾಡೋ ಹಂಗಿಲ್ಲ. ಮೂವತ್ತು ವರ್ಷದ ಹಿಂದಿನ ಉತ್ರ ಇದು. ಅಸಲು ಖರ್ಚಿಗೆ ಬೇರೆ ಬಿಲ್ಲು ಮಾಡಿ ರಸೀದಿ ಸಮೇತ ಕೊಟ್ರೆ ಟಿಡಿಎಸ್ ಬೇಡ ಅಂತ ಕೋರ್ಟು, ಟ್ರಿಬ್ಯುನಲ್ಲು ಹೇಳಿದ್ದೂ ಇದೆ, ಆದ್ರೆ ಕಂಪ್ನಿಯವ್ರು ಯಾಕೆ ರಿಸ್ಕ್ ತಗೋತಾರೆ ಹೇಳಿ? ಹಿಡೀಬೇಕಾಗಿದ್ದನ್ನ ಹಿಡೀದೇ ಬಿಟ್ರೆ ಆ ಖರ್ಚಲ್ಲಿ 30 ಪರ್ಸೆಂಟನ್ನ ಅವ್ರ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ಒಪ್ಪಲ್ಲ. ಹಿಡಿದ್ರೆ ಅವ್ರಿಗೆ ನಷ್ಟ ಸೊನ್ನೆ. ಹಂಗಾಗಿ ಹಿಡೀತಾರೆ. ನಾನಾಗಿದ್ರೂ ಹಿಡೀತಿದ್ದೆ.

(ಟೆಕ್ನಿಕಲ್ ಸರ್ವಿಸ್ ಅಂತ ಹಾಕಿದ್ರೆ 2020ರಿಂದ 2 ಪರ್ಸೆಂಟೇ ಇರೋದು, ಆದ್ರೆ ಎಂಜಿನಿಯರ್ ಅಂತ ಲೆಟರ್‌ಹೆಡ್‌ನಲ್ಲಿ ಇದ್ಯಲ್ಲ ಸರ್ ಅಂತ ನನಗೆ 10 ಹಾಕ್ತಾರೆ. ಡಿಗ್ರಿ ಮಾಡಿದ್ದಕ್ಕೆ ದಂಡ ಅನ್ಕೊಂಡು ಸುಮ್ನಿದೀನಿ.)

ಈಗ ಅಸಲಿ ವಿಷ್ಯ. ಅವತ್ತಿನ ತಿಂಗ್ಳಲ್ಲೇ ಇನ್ನೊಂದು ಸೈಟಿಗೆ ಕಂಪ್ನಿಯ ಖಾಯಂ ಎಂಜಿನಿಯರ್ ಒಬ್ಬ ಬೆಂಗಳೂರಿನಿಂದ ಬಂದಿದ್ದ, ಒಳ್ಳೇ ಹುಡ್ಗ. ಇಬ್ರೂ ನನ್ನ ಕಾರಲ್ಲೇ ತೀರ್ಥಹಳ್ಳಿ ಕಡೆ ಹೋದ್ವಿ, ಮಂಡಗದ್ದೆ ಹತ್ರ ಒಂದೇ ಹೋಟ್ಲಲ್ಲಿ ಒಂದೇ ಟೇಬಲ್ಲಲ್ಲಿ ಕಡುಬು ತಿಂದ್ವಿ, ಒಂದೇ ಪ್ಯಾನಲ್ ಬಿಚ್ಚಿ ಇಬ್ರೂ ಕೈ ಹಾಕಿದ್ವಿ. ಅವನಿಗೆ ಟೂರ್‌ಗೆ ಅಂತ ಟಿಎ ಡಿಎ ಕೊಡ್ತಾರೆ, ಅಷ್ಟನ್ನೂ ಕೆಲಸದ ಓಡಾಟಕ್ಕೇ ಖರ್ಚು ಮಾಡಿದ್ರೆ ಅದಕ್ಕೆ ತೆರಿಗೆ ಇಲ್ಲ, ನ್ಯೂ ರೆಜೀಮ್ ಅನ್ನೋ ಹೊಸ ತೆರಿಗೆ ಪದ್ಧತಿಲೂ ಇಲ್ಲ, ಅದು ಅವನ ಆದಾಯವೇ ಅಲ್ಲ. ಸರಿಯಾಗೇ ಇದೆ, ದಾರಿಗೆ ಹಾಕಿದ ಪೆಟ್ರೋಲು ಯಾರ ಆದಾಯ ಆಗ್ತದೆ? ಅದ್ರ ಮೇಲೆ ಬಿಲ್ಲು ಕೇಳದೆ ಸಂಬಳದಿಂದ ಕಳೆಯೋ ವರ್ಷಕ್ಕೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ. ಅದೇ ಕಾರು, ಅದೇ ದಾರಿ, ಅದೇ ಕಡುಬು. ನನಗೆ ಕೊಟ್ಟಾಗ ಮಾತ್ರ ಅದು ಪ್ರೊಫೆಷನಲ್ ಫೀಸು, ಹತ್ತಕ್ಕೆ ಒಂದು ರೂಪಾಯಿ ಆಚೆಗೆ. ಅವನಿಗೆ ಇದನ್ನ ಹೇಳಿದ್ರೆ ನಗಾಡಿದ, ‘ಸರ್ ನೀವು ಬಿಸಿನೆಸ್‌ಮ್ಯಾನ್’ ಅಂದ. ಬಿಸಿನೆಸ್‌ಮ್ಯಾನ್ ಅಂತೆ! 2016ನೇ ಮಾಡೆಲ್ ಕಾರು ಓಡಿಸ್ತಿದೀನಿ.

ಇದೇ ಮಾತು ದೀಪಾವಳಿಗೆ ಊರಿಗೆ ಬಂದಿದ್ದ ನಮ್ಮ ಚಿಕ್ಕಪ್ಪನ ಮಗನ ಹತ್ರ ಆಡ್ತಾ ಇದ್ದೆ. ಅವನು ಹಿಂದೆ ಇಂಗ್ಲೆಂಡಲ್ಲಿ ಐಟಿ ಕಾಂಟ್ರಾಕ್ಟರ್ ಆಗಿದ್ದವ್ನು. ತೋಟದಲ್ಲಿ ಕೊಳೆ ಬಂದು ಉದುರಿದ ಅಡಿಕೆ ನೋಡ್ತಾ ನಡೀತಿದ್ವಿ, ಅವನು ‘ಅಣ್ಣಾ, ನಿಂಗೆ ಬರೀ ಟಿಡಿಎಸ್ಸು, ನಮಗೆ ಅಲ್ಲಿ ಬುಡಕ್ಕೇ ಕೊಡ್ಲಿ ಹಾಕಿದ್ರು’ ಅಂದ. ಏನಪ್ಪ ಅಂತ ಕೇಳಿದ್ರೆ ದೊಡ್ಡ ಕಥೆನೇ ಹೇಳಿದ.

ಅಲ್ಲಿ ಸ್ವಂತ ಗಾಡಿಲಿ ಕೆಲಸದ ಮೇಲೆ ಓಡಾಡಿದ್ರೆ ಮೈಲಿಗೆ ಇಷ್ಟು ಅಂತ ಸರ್ಕಾರನೇ ರೇಟ್ ಕಟ್ಟಿದೆ, 2011ರಲ್ಲಿ ಅದನ್ನ 45 ಪೆನ್ಸ್ ಮಾಡಿದ್ರು, ವರ್ಷಕ್ಕೆ ಹತ್ತು ಸಾವಿರ ಮೈಲಿ ದಾಟಿದ್ಮೇಲೆ 25. ಪೆಟ್ರೋಲ್ ಬಿಲ್ಲು, ಟೈರ್ ಬಿಲ್ಲು ಏನೂ ಕೇಳಲ್ಲ, ಎಷ್ಟು ಮೈಲಿ ಹೋದೆ, ಎಂತಕ್ಕೆ ಹೋದೆ ಅಂತ ಬರೆದಿಟ್ಕೊಂಡ್ರೆ ಆಯ್ತು. ಇವನು ಅಂಬ್ರೆಲಾ ಕಂಪ್ನಿ ಅಂತಾರಂತೆ, ಅಂತದ್ರ ಮೂಲಕ ಕೆಲಸ ಮಾಡ್ತಿದ್ದ. ಅಂದ್ರೆ ಕಾಗದದ ಮೇಲೆ ಇವನು ಅಂಬ್ರೆಲಾದ ನೌಕರ, ಅವ್ರು ಕಳ್ಸೋ ಒಂದೊಂದು ಕ್ಲೈಂಟ್ ಜಾಗಾನೂ ‘ತಾತ್ಕಾಲಿಕ ಕೆಲಸದ ಜಾಗ’. ಎರಡು ವರ್ಷದೊಳಗಿನ ಕೆಲಸ ಆದ್ರೆ ಮನೆಯಿಂದ ಅಲ್ಲಿಗೆ ಹೋಗೋ ಖರ್ಚಿಗೆ ತೆರಿಗೆ ವಿನಾಯ್ತಿ. ರೆಡಿಂಗಲ್ಲಿ ಮನೆ, ಲೀಡ್ಸಲ್ಲಿ ಕೆಲಸ, ಸೋಮವಾರ ಹೋಗಿ ಗುರುವಾರ ರಾತ್ರಿ ವಾಪಸ್, ಹೋಗಿ ಬರೋಕೆ 400 ಮೈಲಿ. ನಲವತ್ತೈದರ ಲೆಕ್ಕದಲ್ಲಿ 180 ಪೌಂಡು, ಬರೀ 20 ಪರ್ಸೆಂಟ್ ತೆರಿಗೆ ಅಂದ್ಕೊಂಡ್ರೂ ವಾರಕ್ಕೆ 36 ಪೌಂಡ್ ಉಳಿತಾಯ.

2015ರ ಜುಲೈಯಲ್ಲಿ ಆಗಿನ ಅಲ್ಲಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಬಜೆಟ್‌ನಲ್ಲಿ ಒಂದು ಪ್ರಸ್ತಾವ ತಂದ್ರು. ಮಧ್ಯವರ್ತಿ ಕಂಪ್ನಿ ಮೂಲಕ ಕೆಲಸ ಮಾಡೋನು ಇನ್ನೊಬ್ರ ಉಸ್ತುವಾರಿ, ನಿರ್ದೇಶನ, ಹಿಡಿತದ ಕೆಳಗೆ ದುಡೀತಿದ್ರೆ, ಈ ಮೂರರಲ್ಲಿ ಒಂದಿದ್ರೂ ಸಾಕು, ಅವನ ಒಂದೊಂದು ಕೆಲಸಾನೂ ಬೇರೆ ಬೇರೆ ನೌಕರಿ ಅಂತ ಲೆಕ್ಕ. ನೌಕರಿ ಅಂದ್ಮೇಲೆ ಆ ಜಾಗ ಖಾಯಂ ಜಾಗ, ಮನೆಯಿಂದ ಖಾಯಂ ಕೆಲಸದ ಜಾಗಕ್ಕೆ ಹೋಗೋಕೆ ಯಾವ ನೌಕರನಿಗೂ ವಿನಾಯ್ತಿ ಇಲ್ಲ, ನಿಂಗೂ ಇಲ್ಲ. ಕಾಂಟ್ರಾಕ್ಟರುಗಳು ಎಷ್ಟೇ ಬಾಯಿ ಬಡ್ಕೊಂಡ್ರೂ 2016ರ ಏಪ್ರಿಲ್ 6ರಿಂದ ಜಾರಿ ಆಯ್ತು. ಸ್ವಂತ ಒಬ್ಬಂಟಿ ಕಂಪ್ನಿ ಮಾಡ್ಕೊಂಡವ್ರಿಗೆ ಐಆರ್35 ಅಂತ 2000ದಿಂದ ಇರೋ, ಕಂಪ್ನಿ ಹೆಸರಲ್ಲಿ ದುಡಿದ್ರೂ ನೌಕರನಂಗೇ ತೆರಿಗೆ ಹಾಕೋ ಇನ್ನೊಂದು ರೂಲು ಅಂಟಿದ್ರೆ ಮಾತ್ರ ಈ ಹೊಡೆತ.

ನಾನು ಅವನ ಪರವಾಗಿ ಸಿಟ್ಟಾಗ್ಬೇಕು ಅಂತ ಹೇಳಿದ ಅನ್ಸತ್ತೆ. ಆದ್ರೆ ನಿಜ ಹೇಳ್ಬೇಕಂದ್ರೆ ಅಲ್ಲಿನ ಸರ್ಕಾರದ ಮಾತಲ್ಲಿ ಅರ್ಧ ಹುರುಳಿದೆ ಅಂತ ನನಗೆ ಅನ್ಸ್ತು. ಪಕ್ಕದ ಕುರ್ಚಿಲಿ ಕೂತು ಅದೇ ಕೆಲಸ ಮಾಡೋ ಖಾಯಂ ನೌಕರ ತನ್ನ ರೈಲಿನ ದುಡ್ಡು ತಾನೇ ಹಾಕ್ಬೇಕು, ಇವನು ಕಾಗದದಲ್ಲಿ ಬೇರೆ ಹೆಸರು ಹಾಕ್ಕೊಂಡಿದ್ದಕ್ಕೆ ವಿನಾಯ್ತಿ ಅಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ. ಮತ್ತೆ ಆ ವಿನಾಯ್ತಿ ತೋರ್ಸಿ ಕಡಿಮೆ ರೇಟಿಗೆ ಜನ ಹಿಡಿಯೋ ಅಂಬ್ರೆಲಾಗಳೂ ಇದ್ವಂತೆ, ಅವನೇ ಒಪ್ಕೊಂಡ. ಉಳಿದರ್ಧ ತಪ್ಪು. ಲೀಡ್ಸಿನ ನೌಕರ ಲೀಡ್ಸಲ್ಲೇ ಮನೆ ಮಾಡ್ತಾನೆ, ಆರು ತಿಂಗ್ಳಿಗೆ ಬಂದವನು ಹೆಂಡ್ತಿ ಮಕ್ಳು ಕಟ್ಕೊಂಡು ಮನೆ ಬದ್ಲಾಯಿಸ್ತಾ ಇರೋಕಾಗತ್ತಾ?

ಆದ್ರೂ ಒಂದು ವಿಷ್ಯಕ್ಕೆ ಹೊಟ್ಟೆಕಿಚ್ಚಾಯ್ತು. ಅಲ್ಲಿ ಜಗಳ ಆಗಿದ್ದು ‘ಈ ದಾರಿ ಕೆಲಸದ ದಾರಿಯಾ, ಮನೆ ದಾರಿಯಾ’ ಅನ್ನೋದ್ರ ಮೇಲೆ. ಕೆಲಸದ ದಾರಿ ಅಂತ ಆದ್ರೆ ಮೈಲಿಗೆ ಇಷ್ಟು, ಮುಗೀತು. ನಮ್ಮಲ್ಲಿ ಸ್ವಂತವಾಗಿ ದುಡಿಯೋನಿಗೆ ಆ ಮೈಲಿಯ ಲೆಕ್ಕವೇ ಇಲ್ಲ. ಒಂದಾ ಎಲ್ಲಾ ಬಿಲ್ಲು ಇಟ್ಕೊಂಡು ಲೆಕ್ಕದ ಪುಸ್ತಕ ಬರಿ, ಇಲ್ಲಾ 44ಎಡಿಎ ತಗೋ.

44ಎಡಿಎ ಒಳ್ಳೇದೇ, ಬೈಯ್ಯಲ್ಲ. 2016ರ ಬಜೆಟ್‌ನಲ್ಲಿ ಬಂದಿದ್ದು. ಡಾಕ್ಟ್ರು, ವಕೀಲ್ರು, ಎಂಜಿನಿಯರ್ರು ಬಂದ ದುಡ್ಡಲ್ಲಿ ಅರ್ಧ ಆದಾಯ ಅಂತ ತೋರ್ಸಿದ್ರೆ ಸಾಕು, ಪುಸ್ತಕ ಬೇಡ. ಮೊದ್ಲು 50 ಲಕ್ಷದ ತನಕ ಇತ್ತು, 2023ರಲ್ಲಿ ನಗದು 5 ಪರ್ಸೆಂಟ್ ಒಳಗಿದ್ರೆ 75 ಲಕ್ಷ ಮಾಡಿದ್ರು. ಶಿವಮೊಗ್ಗದ ದುರ್ಗಿಗುಡಿಲಿ ರೂಮು ಮಾಡ್ಕೊಂಡು ಕೂತಲ್ಲೇ ದುಡಿಯೋರಿಗೆ ಇದು ಹಬ್ಬ, ಖರ್ಚು ಅಂತ ಬಾಡಿಗೆ, ಕರೆಂಟು, ಒಬ್ಬ ಹುಡ್ಗನ ಸಂಬಳ. ನನ್ನಂಗೆ ದಾರಿ ಮೇಲೆ ಬದುಕೋನಿಗೂ ಅದೇ ಅರ್ಧ.

ನಂದೇ ಲೆಕ್ಕ ಹೇಳ್ತೀನಿ, ಮುಚ್ಚಿಟ್ಕೊಳ್ಳೋಕೆ ಅದ್ರಲ್ಲಿ ಎಂತದೂ ಇಲ್ಲ. ತಿಂಗ್ಳಿಗೆ ಸರಾಸರಿ 15 ವಿಸಿಟ್. ಒಂದಕ್ಕೆ ಫೀಸು 3,200, ಓಡಾಟಕ್ಕೆ ಸುಮಾರು 2,000. ವರ್ಷಕ್ಕೆ 9,36,000. ಅದ್ರಲ್ಲಿ 3,60,000 ಓಡಾಟದ್ದೇ. ಕೇಳೋಕೆ ದೊಡ್ಡ ಮೊತ್ತ, ನೆಂಟ್ರು ಕೇಳಿದ್ರೆ ಹೆಣ್ಣು ಕೊಡ್ತಾರೆ. ಆದ್ರೆ ಪೆಟ್ರೋಲು, ಜೀಪು, ರಾತ್ರಿ ಉಳ್ಕೊಂಡ್ರೆ ಲಾಡ್ಜು, ಪ್ರತಿ ಮಳೆಗಾಲ ಮುಗಿದ್ಮೇಲೆ ಸಸ್ಪೆನ್ಷನ್ ಕೆಲಸ, ಟೈರು ಎಲ್ಲಾ ಸೇರಿ ನನ್ನ ಅಸಲಿ ಖರ್ಚು 4,30,000 ದಾಟತ್ತೆ, ಮೀಟರು, ಟೂಲ್ಸು, ಫೋನು ಇನ್ನೊಂದು ಲಕ್ಷ. ಅಂದ್ರೆ ನೂರಕ್ಕೆ ಐವತ್ತಾರು ರೂಪಾಯಿ ಖರ್ಚು. ಅರ್ಧ ಅಲ್ಲ. ಅಷ್ಟು ಖರ್ಚಿದೆ ಅಂತ ತೋರಿಸ್ಬೇಕು ಅಂದ್ರೆ, ಒಟ್ಟು ಆದಾಯ ತೆರಿಗೆ ಸ್ಲ್ಯಾಬ್ ಶುರುವಾಗೋ ಮೂಲ ಮಿತಿ ದಾಟಿದ್ರೆ ಪುಸ್ತಕ ಬರೆದು ಆಡಿಟ್ ಮಾಡಿಸ್ಬೇಕು, ಆಡಿಟರ್ ಫೀಸು ನಾನು ಉಳಿಸೋದಕ್ಕಿಂತ ಜಾಸ್ತಿ. ಮತ್ತೆ ಆ ಪುಸ್ತಕಕ್ಕೆ ಆಧಾರ ಕ್ಯಾಲೆಂಡರ್ ಹಾಳೆ!

‘ಮಾರಾಯ, 12 ಲಕ್ಷದ ತನಕ ತೆರಿಗೆನೇ ಇಲ್ಲ, ಹಿಡ್ಕೊಂಡಿದ್ದು ರಿಫಂಡ್ ಬರತ್ತೆ, ಎಂತಕ್ಕೆ ಕೂಗ್ತೀಯ’ ಅಂತ ನಮ್ಮ ಸಿಎ ಹೇಳ್ತಾರೆ. ನೀವೂ ಹೇಳ್ತೀರಿ ಅಂತ ಗೊತ್ತು. ಹೌದು ಬರತ್ತೆ. ಅದೇ ನಾನು ಹೇಳ್ತಿರೋದು. ಒಂದು ಪೈಸೆ ತೆರಿಗೆ ಕಟ್ಬೇಕಾಗಿಲ್ದೇ ಇರೋ ನನ್ನ ಹತ್ರ ವರ್ಷಕ್ಕೆ 93,600 ಹಿಡ್ಕೊಂಡ್ರು, ಅದ್ರಲ್ಲಿ 36,000 ಬರೀ ಪೆಟ್ರೋಲಿಗೂ ಜೀಪಿಗೂ ನಾನು ಆಗ್ಲೇ ಕೊಟ್ಟು ಮುಗಿಸಿದ ದುಡ್ಡಿನ ಮೇಲೆ. ಏಪ್ರಿಲ್‌ನಲ್ಲಿ ಹಿಡ್ಕೊಂಡಿದ್ದು ಮುಂದಿನ ವರ್ಷ ರಿಟರ್ನ್ ಹಾಕಿದ್ಮೇಲೆ ಕೈಗೆ ಸಿಗೋದು. ಬಂಕಿನವನು ಮುಂದಿನ ವರ್ಷ ಕೊಡು ಅಂತಾನಾ? ರಿಫಂಡಿಗೆ ಬಡ್ಡಿ ಕೊಡ್ತಾರೆ, ತಿಂಗ್ಳಿಗೆ ಅರ್ಧ ಪರ್ಸೆಂಟು, ಅದೂ ವರ್ಷ ಮುಗಿದ ಏಪ್ರಿಲ್‌ನಿಂದ ಲೆಕ್ಕ. ಆ ನಡುವೆ ನಾನು ಹೆಂಡ್ತಿ ಬಳೆ ಇಟ್ಟು ತಂದ ಸಾಲಕ್ಕೆ ತಿಂಗ್ಳಿಗೆ ಒಂದು ಪರ್ಸೆಂಟ್ ಕಟ್ತಿರ್ತೀನಿ. ಬ್ಯಾಂಕ್ ಬಡ್ಡಿಗೆ ಕೊಡೋ ಹಂಗೆ ನನಗೆ ತೆರಿಗೆ ಬರಲ್ಲ ಅಂತ ಫಾರಂ ಬರೆದು ಕೊಡೋಣ ಅಂದ್ರೆ ಪ್ರೊಫೆಷನಲ್ ಫೀಸಿಗೆ ಅದು ನಡೆಯಲ್ಲ. ಕಡಿಮೆ ಹಿಡೀರಿ ಅಂತ ಸರ್ಟಿಫಿಕೇಟ್ ತರೋ ದಾರಿ ಇದೆ, ಪ್ರತಿ ವರ್ಷ ಅರ್ಜಿ ಹಾಕ್ಬೇಕು. ಈ ಸಲ ಹಾಕ್ತೀನಿ ಅನ್ಕೊಂಡಿದೀನಿ, ಮೂರು ವರ್ಷದಿಂದ ಅನ್ಕೊಂಡೇ ಇದೀನಿ.

ಜಿಎಸ್‌ಟಿ ಕಥೆ ಬೇರೆನೇ ಬರೀಬೇಕು, ಇಲ್ಲಿ ಎರಡೇ ಮಾತು. ರಿಜಿಸ್ಟರ್ ಆಗ್ಬೇಕಾದ 20 ಲಕ್ಷದ ಮಿತಿ ಲೆಕ್ಕ ಹಾಕುವಾಗ ಬಿಲ್ಲಲ್ಲಿರೋ ಓಡಾಟದ ದುಡ್ಡೂ ಸೇರತ್ತೆ. ನನ್ನ ಸ್ನೇಹಿತ ರಿಜಿಸ್ಟರ್ ಆಗಿದಾನೆ, ಅವನು ಕಿಲೋಮೀಟರ್ ದುಡ್ಡಿನ ಮೇಲೂ 18 ಪರ್ಸೆಂಟ್ ಹಾಕ್ಬೇಕು, ಪೆಟ್ರೋಲ್ ಮಾತ್ರ ಜಿಎಸ್‌ಟಿ ಒಳಗಿಲ್ಲ, ಹಂಗಾಗಿ ಬಂಕಲ್ಲಿ ಕೊಟ್ಟ ತೆರಿಗೆನ ಇದ್ರಲ್ಲಿ ಕಳೆಯೋ ಹಂಗಿಲ್ಲ, ಕ್ರೆಡಿಟ್ ಸೊನ್ನೆ. ಆ ಪೆಟ್ರೋಲ್ ಮೇಲೆ ನಮ್ಮ ರಾಜ್ಯದ ಸೇಲ್ಸ್ ಟ್ಯಾಕ್ಸು 2024ರ ಜೂನ್‌ನಲ್ಲಿ 25.92ರಿಂದ 29.84 ಪರ್ಸೆಂಟ್ ಆಗಿದ್ದು ನೆನಪಿರ್ಬೇಕಲ್ಲ. ಬಂಕಲ್ಲಿ ಒಮ್ಮೆ ತೆರಿಗೆ ಕೊಟ್ಟು, ಅದನ್ನ ವಾಪಸ್ ಈಸ್ಕೊಳ್ಳುವಾಗ ಮತ್ತೊಮ್ಮೆ ತೆರಿಗೆ.

ಮತ್ತೆ ದೂರದ ತಕರಾರು. ನಮ್ಮ ಅಕೌಂಟ್ಸಲ್ಲಿ ದೂರ ಅಳೆಯೋದು ಮೊಬೈಲ್ ಮ್ಯಾಪಲ್ಲಿ, ಶಾರ್ಟೆಸ್ಟ್ ರೂಟ್. ಶರಾವತಿ ಹಿನ್ನೀರಿಗೆ ಸೇತುವೆ ಆಗೋಕೆ ಮುಂಚೆ ತುಮರಿ ಕಡೆ ಒಂದು ವಿಸಿಟ್ ಇತ್ತು. ಮ್ಯಾಪಲ್ಲಿ ಸಾಗರ, ಅಂಬಾರಗೋಡ್ಲು, ಹಿನ್ನೀರು, ಕಳಸವಳ್ಳಿ, ಅಷ್ಟೇ. ಆ ಹಿನ್ನೀರಿಗೆ ಲಾಂಚ್ ಬೇಕು, ಲಾಂಚ್ ಸಂಜೆ ಮೇಲೆ ಇಲ್ಲ, ಬೇಸಿಗೇಲಿ ನೀರಿಳಿದ್ರೆ ಗಾಡಿ ಹತ್ತಿಸಲ್ಲ ಅನ್ನೋದು ಬೆಂಗಳೂರಿನ ಮೇಜಿನ ಮೇಲೆ ಕಾಣಲ್ಲ. ಅವತ್ತು ಕೆಲಸ ಮುಗಿಯೋದು ಲೇಟಾಗಿ ಕೊನೇ ಲಾಂಚ್ ತಪ್ತು, ಬ್ಯಾಕೋಡು, ನಿಟ್ಟೂರು, ನಗರ, ಹೊಸನಗರ ಸುತ್ತಿ ರಾತ್ರಿ ಹನ್ನೊಂದಕ್ಕೆ ಮನೆ ಸೇರಿದೆ. ಪಾಸ್ ಆಗಿದ್ದು ಲಾಂಚ್ ದಾರಿಯ ಕಿಲೋಮೀಟರ್ರು. 2025ರ ಜುಲೈ 14ಕ್ಕೆ ಆ ಎರಡೂಕಾಲು ಕಿಲೋಮೀಟರಿಗಿಂತ ಉದ್ದದ ಸೇತುವೆ ಉದ್ಘಾಟನೆ ಆಯ್ತು. ತುಮರಿ ಕಡೆಯೋರು ಅರವತ್ತು ವರ್ಷ ಕಾದ ಸೇತುವೆ, ಅವ್ರ ಕಷ್ಟದ ಮುಂದೆ ನಂದು ಯಾವ ಲೆಕ್ಕ. ಆದ್ರೂ ಮೊದಲ್ನೇ ಸಲ ದಾಟುವಾಗ ನಾನು ನೋಡಿದ್ದು ಶರಾವತಿನ ಅಲ್ಲ, ಓಡೋಮೀಟರ್‌ನ.

ಓಡೋಮೀಟರ್ ಅಂದ್ಮೇಲೆ ನನ್ನ ಡೈರಿ ಹೇಳ್ಬೇಕು. ಪ್ರತಿ ವರ್ಷ ಅಡಿಕೆ ಮಂಡಿಯವ್ರು ಅಪ್ಪಂಗೆ ಒಂದು ಡೈರಿ ಕೊಡ್ತಾರೆ, ಅಪ್ಪ ಅದನ್ನ ನನಗೆ ದಾಟಿಸ್ತಾರೆ. ಹೊರಡುವಾಗ ರೀಡಿಂಗು, ಬಂದಾಗ ರೀಡಿಂಗು, ಎಲ್ಲಿಗೆ, ಎಂತಕ್ಕೆ, ಯಾರು ಸಿಕ್ರು. ನಾಲ್ಕು ವರ್ಷದ್ದು ಇದೆ, ಒಂದು ದಿನಾನೂ ಬಿಟ್ಟಿಲ್ಲ. ಇಂಗ್ಲೆಂಡಲ್ಲಾಗಿದ್ರೆ ಈ ಡೈರಿ ಒಂದೇ ಸಾಕಿತ್ತಂತೆ, ಚಿಕ್ಕಪ್ಪನ ಮಗ ನೋಡಿ ‘ಅಣ್ಣ ನೀನು ಇದನ್ನ ಸುಮ್ನೆ ಬರೀತಿದೀಯಲ್ಲ’ ಅಂತ ನಕ್ಕ.

ನನ್ನ ಬೇಡಿಕೆ ಸಣ್ಣದು. ಸ್ವಂತವಾಗಿ ದುಡಿಯೋನು ಬೇರೆ ಊರಿಗೆ ಕೆಲಸಕ್ಕೆ ಹೋದ್ರೆ ಕಿಲೋಮೀಟರ್‌ಗೆ ಇಷ್ಟು ಅಂತ ಸರ್ಕಾರನೇ ಒಂದು ರೇಟ್ ಗೊತ್ತು ಮಾಡ್ಲಿ, ಕಮ್ಮಿನೇ ಇಡ್ಲಿ, ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಅಂತ ಮಿತಿನೂ ಹಾಕ್ಲಿ. ಆ ರೇಟಿನೊಳಗೆ ಬಂದ ದುಡ್ಡನ್ನ ಅರ್ಧದ ಲೆಕ್ಕಕ್ಕೆ ಸೇರಿಸೋದು ಬೇಡ, ಟಿಡಿಎಸ್ ಹಿಡಿಯೋದೂ ಬೇಡ. ಸುಳ್ಳು ಬರೀತಾರೆ ಅಂತೀರಾ? ಬರೀತಾರೆ. ಈಗ ಬರೀತಿಲ್ವಾ? ಬಂಕಿನ ಖಾಲಿ ಬಿಲ್ಲು ಯಾರ್ಯಾರ ಡ್ಯಾಶ್‌ಬೋರ್ಡಲ್ಲಿ ಇದೆ ಅಂತ ನಮ್ಗೆಲ್ಲಾ ಗೊತ್ತಿಲ್ವಾ? ಸರ್ವಿಸ್ ಮಾಡಿಸುವಾಗೆಲ್ಲ ರೀಡಿಂಗ್ ದಾಖಲಾಗತ್ತೆ, ಡೈರಿಯಲ್ಲಿ ಸುಳ್ಳು ಕಿಲೋಮೀಟರ್ ಬರೆಯೋದು ಸುಳ್ಳು ಬಿಲ್ಲು ತರೋದಕ್ಕಿಂತ ಕಷ್ಟ.

ಹೊಸ ಇನ್‌ಕಮ್ ಟ್ಯಾಕ್ಸ್ ಆ್ಯಕ್ಟ್ 2025, 2026ರ ಏಪ್ರಿಲ್ 1ರಿಂದ ಜಾರಿ. 819 ಸೆಕ್ಷನ್ ಇದ್ದಿದ್ದು 536 ಆಗಿದೆ, ಭಾಷೆ ಸರಳ ಮಾಡಿದಾರೆ, ಒಳ್ಳೇದು. ನಮ್ಮ 44ಎಡಿಎ ಅದ್ರಲ್ಲಿ 58ನೇ ಸೆಕ್ಷನ್ ಒಳಗೆ ಹೋಗಿ ಕೂತಿದೆ, ಸಂಬಳದ್ದು ಬಿಟ್ಟು ಟಿಡಿಎಸ್ಸೆಲ್ಲಾ 393ಕ್ಕೆ. ಹುಡುಕಿ ಓದಿದೆ. ಅರ್ಧ ಅರ್ಧವಾಗೇ ಇದೆ. ಅದಕ್ಕೇ ಇದನ್ನ ಬರೆದೆ. ನನ್ನಂಗೆ ಮೆಡಿಕಲ್ ಇಕ್ವಿಪ್‌ಮೆಂಟ್ ರಿಪೇರಿ, ಟವರ್ ಇನ್‌ಸ್ಪೆಕ್ಷನ್, ಬ್ಯಾಂಕ್ ವ್ಯಾಲ್ಯುಯೇಶನ್ ಅಂತ ಘಟ್ಟ ಹತ್ತಿ ಇಳಿಯೋರು ಇದನ್ನ ಓದ್ತಿದ್ರೆ, ನಿಮ್ಮ ಬಿಲ್ಲಲ್ಲಿ ಓಡಾಟನ ಬೇರೆ ತೋರಿಸ್ತೀರಾ, ಕಂಪ್ನಿಯವ್ರು ಒಪ್ತಾರಾ ಹೇಳಿ. ಒಬ್ರು ಒಪ್ಪಿಸಿದ್ರೆ ಅದನ್ನೇ ತೋರಿಸಿ ನಾನೂ ಕೇಳ್ತೀನಿ.

ಹೋದ ವಾರ ಮತ್ತೆ ನಿಟ್ಟೂರಿಗೆ ಹೋಗಿದ್ದೆ, ಅದೇ ಹೋಂಸ್ಟೇ, ಅದೇ ಜೀಪು. ದಾರೀಲಿ ಬಿಲ್ಲಿನ ಕಥೆ ಪೂರ್ತಿ ಹೇಳಿದೆ. ಜೀಪಿನಣ್ಣ ಗೇರ್ ಬದ್ಲಾಯಿಸ್ತಾ ಸ್ವಲ್ಪ ಹೊತ್ತು ಯೋಚ್ನೆ ಮಾಡಿ ‘ಸಾರ್, ಹೊಸನಗರದಲ್ಲಿ ಪ್ರಿಂಟ್ ಹಾಕೋರು ಇದಾರೆ, ನಿಮಗೋಸ್ಕರ ಒಂದು ಬಿಲ್ ಬುಕ್ ಮಾಡಿಸ್ತೀನಿ ಬಿಡಿ. ಕಳೆದಿದ್ದು ಸೇರಿಸಿ ಎಷ್ಟು ಅಂತ ಬರೀಬೇಕು ಅದೊಂದು ಹೇಳಿ’ ಅಂದ್ರು.

ಸಾವಿರದ ಇನ್ನೂರೇ ಬರೀರಿ ಅಂದೆ.